ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಸದ್ದು ಮತ್ತು ಬಿಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಡ್ ಸದ್ದು ಮಾಡಿದಾಗ ಎಲ್ಲರೂ ಮೊದಲು ಫ್ಯಾನನ್ನೇ ದೂರುತ್ತಾರೆ. ಫ್ಯಾನ್ ತನ್ನ ಕೆಲಸ ಮಾಡುತ್ತಿದೆ, ಅಷ್ಟೆ. ಕಾರ್ಡ್ 170 ವ್ಯಾಟ್ ಕರೆಂಟ್ ಎಳೆದರೆ ಆ 170 ವ್ಯಾಟೂ ಕೊನೆಗೆ ಬಿಸಿಯಾಗಿಯೇ ಹೊರಗೆ ಬರಬೇಕು. ಅದನ್ನು ಸಾಗಿಸಲು ಗಾಳಿ ಬೇಕು, ಗಾಳಿಗೆ ಸದ್ದು ಇದ್ದೇ ಇರುತ್ತದೆ. ಹಾಗಾಗಿ ಮೊದಲು ವ್ಯಾಟ್ ಇಳಿಸಿ, ಫ್ಯಾನನ್ನು ಆಮೇಲೆ ಮುಟ್ಟಿ. ಕೆಳಗಿನ ಉತ್ತರಗಳು ಹೆಚ್ಚುಕಡಿಮೆ ಅದೇ ಕ್ರಮದಲ್ಲಿವೆ. ಉದಾಹರಣೆ ಬೇಕಾದ ಕಡೆ ಆರ್‌ಟಿಎಕ್ಸ್ 3060 ಕಾರ್ಡನ್ನೇ ತೆಗೆದುಕೊಂಡಿದ್ದೇನೆ. ನಿಮ್ಮದು ಬೇರೆ ಕಾರ್ಡ್ ಆದರೂ ದಾರಿ ಒಂದೇ.

ಗೇಮ್ ಆಡುವಾಗ ಕಾರ್ಡ್ 80 ಡಿಗ್ರಿ ಮುಟ್ಟುತ್ತದೆ. ಸುಟ್ಟು ಹೋಗುತ್ತದಾ?

ಇಲ್ಲ. ಎನ್‌ವಿಡಿಯಾ ತನ್ನ ಆರ್‌ಟಿಎಕ್ಸ್ 3060 ಕಾರ್ಡಿಗೆ ಕೊಟ್ಟಿರುವ ಗರಿಷ್ಠ ಮಿತಿ 93 ಡಿಗ್ರಿ. ಆರ್‌ಟಿಎಕ್ಸ್ 40 ಸರಣಿಗೆ ಅದು 90. ಮಿತಿ ಹತ್ತಿರ ಬಂದರೆ ಕಾರ್ಡ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗಲೂ ಬಿಸಿ ಏರಿದರೆ ಆಫ್ ಆಗುತ್ತದೆ. ಭಾರೀ ಗೇಮ್ ಆಡುವಾಗ 65ರಿಂದ 80 ಇದ್ದರೆ ಚಿಂತೆ ಮಾಡುವ ಅಗತ್ಯವಿಲ್ಲ. ತುಂಬಾ ಎನ್‌ವಿಡಿಯಾ ಕಾರ್ಡ್‌ಗಳಲ್ಲಿ 83 ಡಿಗ್ರಿ ಸುಮಾರಿಗೆ ಕಂಪನಿಯೇ ಇಟ್ಟಿರುವ ಗುರಿ ಇರುತ್ತದೆ. ಅದನ್ನು ದಾಟದಂತೆ ಕಾರ್ಡ್ ನೋಡಿಕೊಳ್ಳುತ್ತದೆ. 2013ರಲ್ಲಿ ಬಂದ ಎಎಂಡಿ ಆರ್9 290ಎಕ್ಸ್ ಅಂತೂ 95 ಡಿಗ್ರಿಯಲ್ಲೇ ಓಡಲಿ ಎಂದು ಮಾಡಿದ ಕಾರ್ಡ್.

ಬಿಸಿ ಏರಿದಂತೆ ಕಾರ್ಡಿನ ವೇಗ 15 ಮೆಗಾಹರ್ಟ್ಸ್‌ನಷ್ಟು ಸಣ್ಣ ಹೆಜ್ಜೆಗಳಲ್ಲಿ ಇಳಿಯುವುದು ನಿಜ. ಆದರೆ 70ಕ್ಕೂ 78ಕ್ಕೂ ಗೇಮ್‌ನಲ್ಲಿ ಕಾಣುವ ವ್ಯತ್ಯಾಸ ತೀರಾ ಕಡಿಮೆ. ಕಿವಿಗೆ ಕೇಳುವ ವ್ಯತ್ಯಾಸ ಮಾತ್ರ ದೊಡ್ಡದು. 60 ಡಿಗ್ರಿ ನೋಡಲೇಬೇಕು ಎಂದು ಫ್ಯಾನ್ ಜೋರು ಮಾಡಿಕೊಂಡು ಕೂರುವವರು ಇದ್ದಾರೆ. ಸುಮ್ನೆ ಕಷ್ಟ ಪಡುತ್ತಿದ್ದಾರೆ ಎಂದೇ ನನಗೆ ಅನಿಸುತ್ತದೆ.

ಹಾಟ್‌ಸ್ಪಾಟ್ ಎಂದು ಇನ್ನೊಂದು ಸಂಖ್ಯೆ ಬರುತ್ತದೆ, ಅದು 95 ತೋರಿಸುತ್ತದೆ. ಅದೇನು?

ಚಿಪ್ ಮೇಲೆ ಹಲವು ಕಡೆ ಸೆನ್ಸರ್‌ಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಬಿಸಿ ಇರುವ ಜಾಗದ ಸಂಖ್ಯೆಯೇ ಹಾಟ್‌ಸ್ಪಾಟ್. ಎಎಂಡಿ ಅದನ್ನು ಜಂಕ್ಷನ್ ಎನ್ನುತ್ತದೆ. ಆರ್‌ಎಕ್ಸ್ 5700 ಎಕ್ಸ್‌ಟಿ ಬಂದಾಗ, 110 ಡಿಗ್ರಿವರೆಗಿನ ಜಂಕ್ಷನ್ ಬಿಸಿ ನಿರೀಕ್ಷಿತವೇ ಎಂದು ಎಎಂಡಿ 2019ರಲ್ಲಿ ಹೇಳಿತ್ತು.

ಇಲ್ಲಿ ನೋಡಬೇಕಾದದ್ದು ಅಂತರವನ್ನು. ಮಾಮೂಲಿ ಜಿಪಿಯು (ಕಾರ್ಡಿನ ಮುಖ್ಯ ಚಿಪ್) ಬಿಸಿಗೂ ಹಾಟ್‌ಸ್ಪಾಟ್‌ಗೂ 10ರಿಂದ 15 ಡಿಗ್ರಿ ಅಂತರ ಇದ್ದರೆ ಸರಿ. ಅದು 25, 30 ಆಗಿದ್ದರೆ ಚಿಪ್‌ಗೂ ಅದರ ಬಿಸಿ ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕ್‌ಗೂ ನಡುವಿನ ಸಂಪರ್ಕ ಕೆಟ್ಟಿದೆ ಎಂದೇ ಲೆಕ್ಕ. ಅವೆರಡರ ನಡುವೆ ಹಚ್ಚಿರುವ ಪೇಸ್ಟ್ ಒಣಗಿರಬಹುದು, ಪಕ್ಕಕ್ಕೆ ಸರಿದಿರಬಹುದು, ಸ್ಕ್ರೂ ಸಡಿಲವಾಗಿರಬಹುದು. ಹೊಸ ಕಾರ್ಡಿನಲ್ಲೂ ಹೀಗಾಗುತ್ತದೆ. ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಬಂದ ಹೊಸದರಲ್ಲಿ ಎಎಂಡಿಯದೇ ವಿನ್ಯಾಸದ ಕೆಲವು ಕಾರ್ಡ್‌ಗಳ ಹಾಟ್‌ಸ್ಪಾಟ್ 110 ಮುಟ್ಟುತ್ತಿತ್ತು. ಕೂಲರ್ ಒಳಗೆ ನೀರಿನ ಆವಿಯಿಂದ ಬಿಸಿ ಸಾಗಿಸುವ ವೇಪರ್ ಚೇಂಬರ್‌ನಲ್ಲಿ ನೀರು ಸಾಕಷ್ಟು ಇರಲಿಲ್ಲ. ಎಎಂಡಿ 2023ರ ಜನವರಿಯಲ್ಲಿ ಅದನ್ನು ಒಪ್ಪಿಕೊಂಡಿತು. ಇಂಥದ್ದನ್ನು ಫ್ಯಾನ್ ಸೆಟ್ಟಿಂಗ್‌ನಿಂದ ಸರಿಮಾಡಲು ಆಗುವುದಿಲ್ಲ. ವಾರಂಟಿ ಇದ್ದರೆ ಅದನ್ನೇ ಬಳಸಿ.

ಆರ್‌ಟಿಎಕ್ಸ್ 3080, 3090ರಂಥ ಕಾರ್ಡ್‌ಗಳಲ್ಲಿ ಜಿಡಿಡಿಆರ್6ಎಕ್ಸ್ ಮೆಮೊರಿಯ ಬಿಸಿಯನ್ನೂ ನೋಡಿ. ಅದು 110 ಡಿಗ್ರಿ ಹತ್ತಿರ ಹೋದರೆ ಕಾರ್ಡ್ ವೇಗ ಕಡಿಮೆ ಮಾಡುತ್ತದೆ. ಆಗ ಚಿಪ್ 65ರಲ್ಲೇ ಇದ್ದರೂ ಫ್ಯಾನ್ ಮಾತ್ರ ಕೂಗುತ್ತಿರುತ್ತದೆ.

ಇದನ್ನೆಲ್ಲ ನೋಡಲು ಯಾವ ಸಾಫ್ಟ್‌ವೇರ್ ಬೇಕು?

ಎಚ್‌ಡಬ್ಲ್ಯೂಇನ್ಫೋ ಅಥವಾ ಜಿಪಿಯು-ಝಡ್. ಎರಡೂ ಉಚಿತ. ಬದಲಾವಣೆ ಮಾಡಲು ಎಂಎಸ್‌ಐ ಆಫ್ಟರ್‌ಬರ್ನರ್. ಕಾರ್ಡ್ ಯಾವ ಕಂಪನಿಯದಾದರೂ ಅದು ನಡೆಯುತ್ತದೆ. ಡೌನ್‌ಲೋಡ್ ಮಾಡುವಾಗ ಮಾತ್ರ ಹುಷಾರಾಗಿರಿ. ಆಫ್ಟರ್‌ಬರ್ನರ್ ಹೆಸರಿನ ನಕಲಿ ಸೈಟ್ ಒಂದು ವೈರಸ್ ಹಂಚುತ್ತಿದೆ ಎಂದು ಎಂಎಸ್‌ಐ 2021ರಲ್ಲಿ ಎಚ್ಚರಿಸಿತ್ತು. ಎಂಎಸ್‌ಐ ಸೈಟ್‌ನಿಂದಲೇ ತೆಗೆದುಕೊಳ್ಳಿ.

ಏನನ್ನೂ ಬದಲಿಸುವ ಮೊದಲು ಒಮ್ಮೆ ಅಳೆದು ಬರೆದಿಡಿ. ಒಂದೇ ಗೇಮ್, ಒಂದೇ ಜಾಗ, 20 ನಿಮಿಷ. ಜಿಪಿಯು ಬಿಸಿ, ಹಾಟ್‌ಸ್ಪಾಟ್, ವ್ಯಾಟ್, ಫ್ಯಾನ್‌ನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು), ಜೊತೆಗೆ ಕೋಣೆಯ ಬಿಸಿ. ಈ ಐದು ಸಂಖ್ಯೆ ಇಲ್ಲದೆ ಮಾಡಿದ ಬದಲಾವಣೆ ಕೆಲಸ ಮಾಡಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ.

ಡಿಸೆಂಬರ್‌ನಲ್ಲಿ 68 ಇತ್ತು, ಏಪ್ರಿಲ್‌ನಲ್ಲಿ 79. ಕಾರ್ಡ್ ಹಾಳಾಗುತ್ತಿದೆಯಾ?

ಕೋಣೆ ಬಿಸಿಯಾಗಿದೆ, ಅಷ್ಟೆ. ವ್ಯಾಟ್ ಮತ್ತು ಫ್ಯಾನ್ ವೇಗ ಬದಲಾಗದಿದ್ದರೆ ಕಾರ್ಡ್ ಕೋಣೆಗಿಂತ ಸುಮಾರು ಒಂದೇ ಅಂತರದಲ್ಲಿ ಮೇಲಿರುತ್ತದೆ. ಕೋಣೆ 22 ಇದ್ದಾಗ 68 ಎಂದರೆ ಅಂತರ 46. ಅದೇ ಕೋಣೆ 33 ಆದರೆ 79 ಆಗಲೇಬೇಕು. ವಿದೇಶಿ ವಿಮರ್ಶೆಗಳಲ್ಲಿ ಬರುವ ಸಂಖ್ಯೆಗಳು ಬಹುಪಾಲು 20ರಿಂದ 25 ಡಿಗ್ರಿ ಕೋಣೆಯವು. ಬೇಸಿಗೆಯಲ್ಲಿ 40 ದಾಟುವ ರಾಯಚೂರು, ಕಲಬುರಗಿಯವರು ಅದನ್ನು ತಮ್ಮ ಕಾರ್ಡಿಗೆ ಹೋಲಿಸಿ ಗಾಬರಿಯಾಗಬಾರದು. ಅಂತರವನ್ನು ಹೋಲಿಸಿ. ಅದೇ 46ರಿಂದ 58ಕ್ಕೆ ಏರಿದ್ದರೆ ಧೂಳನ್ನೋ ಪೇಸ್ಟನ್ನೋ ಅನುಮಾನಿಸಿ.

ಇನ್ನೊಂದು ವಿಷಯ. ಬಾಗಿಲು ಕಿಟಕಿ ಹಾಕಿದ ಸಣ್ಣ ಕೋಣೆಯಲ್ಲಿ 350 ವ್ಯಾಟ್ ಎಳೆಯುವ ಪಿಸಿ ಎಂದರೆ 350 ವ್ಯಾಟ್ ಹೀಟರ್ ಹಚ್ಚಿಟ್ಟ ಹಾಗೆಯೇ. ಕೋಣೆಯ ಬಿಸಿ ಏರಿದಷ್ಟೂ ಕಾರ್ಡಿನದೂ ಏರುತ್ತದೆ. ಕಿಟಕಿ ತೆಗೆದರೆ ಅದೂ ಒಂದು ಪರಿಹಾರವೇ.

ಎಲ್ಲಕ್ಕಿಂತ ಮೊದಲು ಏನು ಮಾಡಲಿ?

ಫ್ರೇಮ್ ರೇಟ್‌ಗೆ, ಅಂದರೆ ಕಾರ್ಡ್ ಸೆಕೆಂಡಿಗೆ ಬರೆಯುವ ಚಿತ್ರಗಳ ಸಂಖ್ಯೆಗೆ, ಮಿತಿ ಹಾಕಿ. ನಿಮ್ಮ ಮಾನಿಟರ್ 60 ಅಥವಾ 75 ಹರ್ಟ್ಸ್ ಆಗಿದ್ದು (ಸೆಕೆಂಡಿಗೆ ಅಷ್ಟೇ ಚಿತ್ರ ತೋರಿಸುತ್ತದೆ) ಕಾರ್ಡ್ 160 ಫ್ರೇಮ್ ಕೊಡುತ್ತಿದ್ದರೆ, ಅರ್ಧಕ್ಕಿಂತ ಜಾಸ್ತಿ ಕೆಲಸ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅದರ ಬಿಸಿ ಮತ್ತು ಸದ್ದು ಮಾತ್ರ ನಿಮಗೆ ಸಿಗುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ ಎಂಬ ಆಯ್ಕೆ 2020ರ ಜನವರಿಯಿಂದ ಇದೆ. ಎಎಂಡಿಯಲ್ಲಿ ರೇಡಿಯಾನ್ ಚಿಲ್ ಇದೆ. ತುಂಬಾ ಗೇಮ್‌ಗಳ ಒಳಗೇ ಈ ಆಯ್ಕೆ ಸಿಗುತ್ತದೆ.

ಗೇಮ್‌ನ ಮೆನುವಿನಲ್ಲೇ ಫ್ಯಾನ್ ಜಾಸ್ತಿ ಕೂಗುತ್ತದೆ ಎಂದು ಹಲವರು ಕೇಳುತ್ತಾರೆ. ಕಾರಣ ಇದೇ. ಮೆನು ಹಗುರ, ಹಾಗಾಗಿ ಮಿತಿ ಇಲ್ಲದಿದ್ದರೆ ಕಾರ್ಡ್ ಸೆಕೆಂಡಿಗೆ ನೂರಾರು ಫ್ರೇಮ್ ಬರೆಯುತ್ತಾ ಕೂರುತ್ತದೆ. 2010ರಲ್ಲಿ ಸ್ಟಾರ್‌ಕ್ರಾಫ್ಟ್ 2 ಬಂದಾಗ ಇದೇ ದೂರು ಎದ್ದು, ಸೆಟ್ಟಿಂಗ್ ಫೈಲ್‌ನಲ್ಲಿ ಫ್ರೇಮ್ ಮಿತಿಯ ಸಾಲು ಸೇರಿಸಿ ಎಂದು ಬ್ಲಿಝಾರ್ಡ್ ಹೇಳಬೇಕಾಯಿತು. ಎರಡು ನಿಮಿಷದ ಈ ಕೆಲಸ ಮಾಡಿದ ಮೇಲೆ ಹಲವರಿಗೆ ಈ ಪುಟದ ಉಳಿದ ಭಾಗ ಬೇಕಾಗುವುದೇ ಇಲ್ಲ.

ಪವರ್ ಲಿಮಿಟ್ ಇಳಿಸಿದರೆ ವೇಗ ತುಂಬಾ ಕಡಿಮೆಯಾಗುತ್ತದಾ?

ಅಂದುಕೊಂಡಷ್ಟು ಇಲ್ಲ. ಪವರ್ ಲಿಮಿಟ್ ಎಂದರೆ ಕಾರ್ಡ್ ಎಳೆಯಬಹುದಾದ ಗರಿಷ್ಠ ವ್ಯಾಟ್. ಕಾರ್ಡನ್ನು ಕಂಪನಿಗಳು ಕೊನೆಯ ಹನಿ ವೇಗ ಹಿಂಡುವಂತೆ ಸೆಟ್ ಮಾಡಿ ಕಳಿಸುತ್ತವೆ. ಆ ಕೊನೆಯ ಸ್ವಲ್ಪ ವೇಗಕ್ಕೆ ಬಹಳ ಕರೆಂಟ್ ಖರ್ಚಾಗುತ್ತದೆ. ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ ಸ್ಲೈಡರನ್ನು 100ರಿಂದ 80ಕ್ಕೆ ಎಳೆದು ನೋಡಿ. 170 ವ್ಯಾಟ್‌ನ 3060 ಆಗ 136 ವ್ಯಾಟ್ ದಾಟುವುದಿಲ್ಲ. ಬಿಸಿ ಐದನೇ ಒಂದು ಭಾಗ ಕಡಿಮೆಯಾದರೂ ಫ್ರೇಮ್‌ಗಳು ಅಷ್ಟು ಬೀಳುವುದಿಲ್ಲ. ಇದರಿಂದ ಕಾರ್ಡ್‌ಗೆ ಯಾವ ಅಪಾಯವೂ ಇಲ್ಲ, ಗೇಮ್ ಕ್ರ್ಯಾಶ್ ಆಗುವ ಭಯವೂ ಇಲ್ಲ. ಮುಂದಿನ ಪ್ರಶ್ನೆಯಲ್ಲಿ ಬರುವ ಅಂಡರ್‌ವೋಲ್ಟ್ ಮಾಡಲು ಧೈರ್ಯ ಇಲ್ಲದವರು ಇಲ್ಲಿಗೇ ನಿಲ್ಲಬಹುದು.

ಅಂಡರ್‌ವೋಲ್ಟ್ ಎಂದರೇನು? ಹೇಗೆ ಮಾಡುವುದು?

ಒಂದೇ ವೇಗವನ್ನು ಕಡಿಮೆ ವೋಲ್ಟೇಜ್‌ನಲ್ಲಿ ಓಡಿಸುವುದು. ಚಿಪ್ ಎಳೆಯುವ ಪವರ್ ಅದರ ವೇಗಕ್ಕೆ ತಕ್ಕಂತೆ ನೇರವಾಗಿ ಏರುತ್ತದೆ, ವೋಲ್ಟೇಜ್‌ಗೆ ಮಾತ್ರ ವರ್ಗದ ಲೆಕ್ಕದಲ್ಲಿ ಏರುತ್ತದೆ. 1.05 ವೋಲ್ಟ್‌ನಲ್ಲಿ ಓಡುತ್ತಿದ್ದ ಚಿಪ್ ಅದೇ ವೇಗದಲ್ಲಿ 0.90 ವೋಲ್ಟ್‌ಗೆ ಬಂದರೆ, ಆ ಲೆಕ್ಕದಲ್ಲಿ ಪವರ್ ಶೇಕಡ 26ರಷ್ಟು ಇಳಿಯುತ್ತದೆ. ಸದ್ದು ಇಳಿಸಲು ನನಗೆ ಗೊತ್ತಿರುವ ಅತ್ಯುತ್ತಮ ದಾರಿ ಇದು. ದುಡ್ಡು ಖರ್ಚಿಲ್ಲ, ಸ್ಕ್ರೂಡ್ರೈವರ್ ಬೇಡ.

ಎಲ್ಲ ಚಿಪ್‌ಗಳೂ ಒಂದೇ ಥರ ಇರುವುದಿಲ್ಲ. ತೀರಾ ದುರ್ಬಲ ಚಿಪ್ ಕೂಡ ಕ್ರ್ಯಾಶ್ ಆಗಬಾರದು ಎಂದು ಕಂಪನಿ ಎಲ್ಲಕ್ಕೂ ಸ್ವಲ್ಪ ಜಾಸ್ತಿ ವೋಲ್ಟೇಜ್ ಇಡುತ್ತದೆ. ನಾವು ಆ ಹೆಚ್ಚುವರಿಯನ್ನು ತೆಗೆಯುತ್ತಿದ್ದೇವೆ.

3060ಗೆ ಹೀಗೆ ಮಾಡಿ. ಆಫ್ಟರ್‌ಬರ್ನರ್‌ನಲ್ಲಿ ಕೋರ್ ಕ್ಲಾಕ್ ಸ್ಲೈಡರನ್ನು ಮೈನಸ್ 300ಕ್ಕೆ ಇಳಿಸಿ ಅಪ್ಲೈ ಒತ್ತಿ. ನಂತರ ಕೀಬೋರ್ಡ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿದರೆ ಒಂದು ಗ್ರಾಫ್ ತೆರೆಯುತ್ತದೆ. ಕೆಳಗಿನ ಗೆರೆಯಲ್ಲಿ ವೋಲ್ಟೇಜ್, ಪಕ್ಕದ ಗೆರೆಯಲ್ಲಿ ವೇಗ. 900 ಮಿಲಿವೋಲ್ಟ್ ಮೇಲಿರುವ ಚುಕ್ಕೆಯನ್ನು ಹಿಡಿದು 1800 ಮೆಗಾಹರ್ಟ್ಸ್‌ಗೆ ಎತ್ತಿ, ಮತ್ತೆ ಅಪ್ಲೈ ಒತ್ತಿ. ಅದರ ಬಲಗಡೆಯ ಗೆರೆ ಚಪ್ಪಟೆಯಾಗಬೇಕು. ಅಂದರೆ ಕಾರ್ಡ್ ಇನ್ನು 900 ಮಿಲಿವೋಲ್ಟ್ ದಾಟುವುದಿಲ್ಲ.

ಈಗ ನೀವು ಆಡುವ ಅತಿ ಭಾರವಾದ ಗೇಮ್ ಹಾಕಿ ಒಂದು ಗಂಟೆ ಆಡಿ. ಗೇಮ್ ಮುಚ್ಚಿಕೊಂಡರೆ ಅಥವಾ ಪರದೆ ಒಂದು ಕ್ಷಣ ಕಪ್ಪಾದರೆ ವೋಲ್ಟೇಜ್ ಸಾಲುತ್ತಿಲ್ಲ ಎಂದರ್ಥ. ಹಾರ್ಡ್‌ವೇರ್‌ಗೆ ಇದರಿಂದ ಏನೂ ಆಗುವುದಿಲ್ಲ. 925 ಮಿಲಿವೋಲ್ಟ್‌ಗೆ ಏರಿಸಿ, ಅಥವಾ ವೇಗವನ್ನು 15, 30 ಮೆಗಾಹರ್ಟ್ಸ್ ಇಳಿಸಿ, ಮತ್ತೆ ನೋಡಿ. ಗಟ್ಟಿಯಾಗಿ ನಿಂತರೆ ಇನ್ನೂ ಕೆಳಗೆ 875ಕ್ಕೆ ಪ್ರಯತ್ನಿಸಬಹುದು. ಕೆಲವು ದಿನ ಸರಿಯಾಗಿ ನಡೆಯುವವರೆಗೂ ವಿಂಡೋಸ್ ಶುರುವಾದಾಗ ತಾನಾಗೇ ಅಪ್ಲೈ ಆಗುವ ಆಯ್ಕೆಯನ್ನು ಹಾಕಬೇಡಿ.

ಎಎಂಡಿ ಕಾರ್ಡ್ ಆದರೆ ಅಡ್ರೆನಲಿನ್ ಸಾಫ್ಟ್‌ವೇರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಟ್ಯೂನಿಂಗ್ ತೆರೆಯಿರಿ. ಅಲ್ಲೇ ವೋಲ್ಟೇಜ್ ಸ್ಲೈಡರ್ ಇದೆ. ಸ್ವಲ್ಪ ಸ್ವಲ್ಪವೇ ಇಳಿಸಿ.

ಫ್ಯಾನ್ ಕರ್ವ್ ಹೇಗಿರಬೇಕು?

ಆಫ್ಟರ್‌ಬರ್ನರ್ ಸೆಟ್ಟಿಂಗ್‌ನ ಫ್ಯಾನ್ ಟ್ಯಾಬ್‌ನಲ್ಲಿ ಯೂಸರ್ ಡಿಫೈನ್ಡ್ ಎಂದಿರುವ ಪೆಟ್ಟಿಗೆಗೆ ಟಿಕ್ ಹಾಕಿದರೆ ಕರ್ವ್, ಅಂದರೆ ಯಾವ ಬಿಸಿಗೆ ಫ್ಯಾನ್ ಎಷ್ಟು ವೇಗ ಎಂಬ ಗೆರೆ, ಬಿಡಿಸಬಹುದು. ಶುರು ಮಾಡಲು ಇದು ಸಾಕು: 50 ಡಿಗ್ರಿವರೆಗೆ ಶೇಕಡ 30, 65ಕ್ಕೆ 42, 75ಕ್ಕೆ 55, 83ಕ್ಕೆ 80, 88 ದಾಟಿದರೆ 100. ಕೊನೆಯ ಚುಕ್ಕೆಯನ್ನು ಮಾತ್ರ ಇಳಿಸಬೇಡಿ. ಅದು ನಿಮ್ಮ ಕಾವಲು.

ಫ್ಯಾನ್ ವೇಗ ಮತ್ತು ಸದ್ದಿನ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ವೇಗ ಶೇಕಡ 20 ಇಳಿದರೆ ಸದ್ದು ಸುಮಾರು 5 ಡೆಸಿಬೆಲ್ ಇಳಿಯುತ್ತದೆ. ಅರ್ಧಕ್ಕೆ ಇಳಿದರೆ 15 ಡೆಸಿಬೆಲ್. ಸುಮಾರು 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಅಂದರೆ 2400 ಆರ್‌ಪಿಎಂನಿಂದ 1500ಕ್ಕೆ ಬಂದರೆ ಅರ್ಧ ಸದ್ದು. ಅಂಡರ್‌ವೋಲ್ಟ್ ಮಾಡಿದ ಕಾರ್ಡಿನಲ್ಲಿ ಇದು ಸಾಧ್ಯ. ಮಾಡದ ಕಾರ್ಡಿನಲ್ಲಿ ಕರ್ವ್ ಒಂದನ್ನೇ ಇಳಿಸಿದರೆ ಬಿಸಿ ಏರುತ್ತದೆ, ಸ್ವಲ್ಪ ಹೊತ್ತಿಗೆ ಫ್ಯಾನ್ ಮತ್ತೆ ಅಲ್ಲಿಗೇ ಬರುತ್ತದೆ.

ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ. ಏರಿ ಇಳಿಯುವ ಸದ್ದಿಗೆ ಒಗ್ಗುವುದಿಲ್ಲ. ಹಾಗಾಗಿ ಕಡಿದಾದ ಮೆಟ್ಟಿಲಿನಂಥ ಕರ್ವ್ ಬೇಡ, ಇಳಿಜಾರು ಇರಲಿ. ಅದೇ ಟ್ಯಾಬ್‌ನಲ್ಲಿ ಟೆಂಪರೇಚರ್ ಹಿಸ್ಟರೆಸಿಸ್ ಎಂಬ ಜಾಗದಲ್ಲಿ 4 ಅಥವಾ 5 ಹಾಕಿ. ಆಗ ಬಿಸಿ ಅಷ್ಟು ಡಿಗ್ರಿ ಇಳಿಯುವವರೆಗೆ ಫ್ಯಾನ್ ವೇಗ ಇಳಿಯುವುದಿಲ್ಲ, ಸದ್ದು ತೂಗಾಡುವುದಿಲ್ಲ.

ಬ್ರೌಸರ್ ನೋಡುವಾಗಲೂ ಫ್ಯಾನ್ ಆನ್ ಆಗಿ ಆಫ್ ಆಗುತ್ತಲೇ ಇರುತ್ತದೆ. ಯಾಕೆ?

ಈಗಿನ ಕಾರ್ಡ್‌ಗಳಲ್ಲಿ ಬಿಸಿ ಕಡಿಮೆ ಇದ್ದಾಗ ಫ್ಯಾನ್ ಪೂರ್ತಿ ನಿಲ್ಲುತ್ತದೆ. 55, 60 ಡಿಗ್ರಿಗೆ ಶುರುವಾಗುತ್ತದೆ, ತಣ್ಣಗಾದರೆ ಮತ್ತೆ ನಿಲ್ಲುತ್ತದೆ. ನಿಮ್ಮ ಕಾರ್ಡ್ ಸುಮ್ಮನಿದ್ದಾಗಲೇ ಆ ಗಡಿಯಲ್ಲಿದ್ದರೆ ಈ ಆಟ ನಡೆಯುತ್ತಲೇ ಇರುತ್ತದೆ. ಆಫ್ಟರ್‌ಬರ್ನರ್‌ನಲ್ಲಿ ಕನಿಷ್ಠ ಶೇಕಡ 30 ಕೊಟ್ಟು ಸದಾ ನಿಧಾನವಾಗಿ ತಿರುಗಿಸಿ. ಎಎಂಡಿಯಲ್ಲಿ ಝೀರೋ ಆರ್‌ಪಿಎಂ ಆಯ್ಕೆ ಆಫ್ ಮಾಡಿ. ಅಷ್ಟು ನಿಧಾನದ ಫ್ಯಾನ್ ಕ್ಯಾಬಿನೆಟ್ ಹೊರಗೆ ಕೇಳಿಸುವುದೇ ಅಪರೂಪ.

ಎರಡು ಮಾನಿಟರ್ ಇದೆಯಾ? ಅಥವಾ 144 ಹರ್ಟ್ಸ್‌ಗಿಂತ ಜಾಸ್ತಿ ಇದೆಯಾ? ಆಗ ಕೆಲವು ಕಾರ್ಡ್‌ಗಳ ಮೆಮೊರಿ ವೇಗ ಕೆಳಗೆ ಇಳಿಯುವುದೇ ಇಲ್ಲ, ಕೆಲಸ ಇಲ್ಲದಿದ್ದರೂ ಬಿಸಿ ಇರುತ್ತದೆ. ರಿಫ್ರೆಶ್ ರೇಟ್ ಒಂದು ಹಂತ ಇಳಿಸಿ ಮೆಮೊರಿ ಕ್ಲಾಕ್ ನೋಡಿ, ತಕ್ಷಣ ಗೊತ್ತಾಗುತ್ತದೆ.

ಸದ್ದು ಗಾಳಿಯದ್ದಲ್ಲ. ಟಕಟಕ ಎನ್ನುತ್ತದೆ, ಕೆಲವೊಮ್ಮೆ ಕೀಂ ಎನ್ನುತ್ತದೆ.

ಟಕಟಕ ಎಂದರೆ ಮೊದಲು ಯಾವುದಾದರೂ ಕೇಬಲ್ ರೆಕ್ಕೆಗೆ ತಾಗುತ್ತಿದೆಯಾ ನೋಡಿ. ಇಲ್ಲದಿದ್ದರೆ ಬೇರಿಂಗ್. ಕರಕರ ಸದ್ದು, ಬೆಳಿಗ್ಗೆ ಆನ್ ಮಾಡಿದಾಗ ಜೋರಾಗಿದ್ದು ಆಮೇಲೆ ಕಡಿಮೆಯಾಗುವುದು, ಇವೆಲ್ಲ ಬೇರಿಂಗ್ ಸವೆದ ಲಕ್ಷಣ. ಫ್ಯಾನ್ ನಡುವಿನ ಸ್ಟಿಕ್ಕರ್ ಮೇಲೆ ಮಾಡೆಲ್ ನಂಬರ್ ಇರುತ್ತದೆ. ಅದೇ ನಂಬರಿನ ಫ್ಯಾನ್ ಆನ್‌ಲೈನ್‌ನಲ್ಲಿ ಹುಡುಕಿ ಬದಲಿಸಬಹುದು. ಎಣ್ಣೆ ಬಿಟ್ಟರೆ ಸ್ವಲ್ಪ ದಿನ ನಡೆಯುತ್ತದೆ, ಅದು ಕಾಯಂ ಪರಿಹಾರ ಅಲ್ಲ.

ಕೀಂ ಎನ್ನುವುದು ಫ್ಯಾನ್ ಅಲ್ಲವೇ ಅಲ್ಲ. ಕಾರ್ಡ್ ಮೇಲಿನ ಕಾಯಿಲ್‌ಗಳು ಕರೆಂಟ್‌ಗೆ ಕಂಪಿಸುವ ಸದ್ದು ಅದು. ಫ್ರೇಮ್ ರೇಟ್ ಬದಲಾದಂತೆ ಅದರ ಸ್ವರ ಬದಲಾಗುತ್ತದೆ. ಹಾನಿ ಏನಿಲ್ಲ. ಫ್ರೇಮ್ ಮಿತಿ ಮತ್ತು ಅಂಡರ್‌ವೋಲ್ಟ್ ಇದನ್ನೂ ತಗ್ಗಿಸುತ್ತವೆ.

ಕ್ಯಾಬಿನೆಟ್‌ಗೆ ಇನ್ನಷ್ಟು ಫ್ಯಾನ್ ಹಾಕಿಸಲಾ?

ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಪಕ್ಕದ ಗಾಜು ಅಥವಾ ತಗಡು ತೆಗೆದು ಅದೇ ಗೇಮ್ 20 ನಿಮಿಷ ಆಡಿ. ಬಿಸಿ 5 ಡಿಗ್ರಿಗಿಂತ ಜಾಸ್ತಿ ಇಳಿದರೆ ಕ್ಯಾಬಿನೆಟ್‌ಗೆ ಗಾಳಿ ಸಾಲುತ್ತಿಲ್ಲ. ಇಳಿಯಲಿಲ್ಲ ಎಂದರೆ ಹೊಸ ಫ್ಯಾನ್ ಹಾಕಿಸಿ ಪ್ರಯೋಜನ ಇಲ್ಲ. ಮುಂದೆ ಪೂರ್ತಿ ಗಾಜು ಇರುವ ಕ್ಯಾಬಿನೆಟ್‌ಗಳು ನೋಡಲು ಚೆಂದ, ಆದರೆ ಗಾಳಿ ಒಳಗೆ ಬರಲು ದಾರಿ ಇರುವುದಿಲ್ಲ. ಮುಂದೆ ಜಾಲರಿ, ಒಳಗೆ ಗಾಳಿ ಎಳೆಯುವ ಎರಡು ಫ್ಯಾನ್, ಹಿಂದೆ ಹೊರಗೆ ತಳ್ಳುವ ಒಂದು. ಬಹುಪಾಲು ಮನೆಗಳಿಗೆ ಇಷ್ಟು ಸಾಕು.

ಹೆಚ್ಚಿನವರ ಗಮನಕ್ಕೆ ಬಾರದ ಒಂದು ವಿಷಯ ಇದೆ. ಕ್ಯಾಬಿನೆಟ್ ಫ್ಯಾನ್‌ಗಳನ್ನು ಮದರ್‌ಬೋರ್ಡ್ ಸಾಮಾನ್ಯವಾಗಿ ಸಿಪಿಯು (ಪಿಸಿಯ ಮುಖ್ಯ ಪ್ರೊಸೆಸರ್) ಬಿಸಿ ನೋಡಿ ತಿರುಗಿಸುತ್ತದೆ. ಗೇಮ್‌ನಲ್ಲಿ ಬಿಸಿಯಾಗುವುದು ಜಿಪಿಯು. ಹಾಗಾಗಿ ಕ್ಯಾಬಿನೆಟ್ ಫ್ಯಾನ್‌ಗಳು ನಿಧಾನವಾಗಿಯೇ ಇರುತ್ತವೆ, ಕಾರ್ಡಿನ ಸಣ್ಣ ಫ್ಯಾನ್‌ಗಳು ಒಂಟಿಯಾಗಿ ಒದ್ದಾಡುತ್ತವೆ. ಫ್ಯಾನ್ ಕಂಟ್ರೋಲ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ, ಕ್ಯಾಬಿನೆಟ್ ಫ್ಯಾನ್‌ಗಳನ್ನು ಜಿಪಿಯು ಬಿಸಿಗೆ ಕಟ್ಟಿಹಾಕಿ. ದೊಡ್ಡ ಫ್ಯಾನ್ ನಿಧಾನಕ್ಕೆ ತಿರುಗಿ ಕಳಿಸುವ ಗಾಳಿಗೆ ಸದ್ದು ಕಡಿಮೆ.

ಧೂಳು ತೆಗೆಯುವುದು ಹೇಗೆ?

ಪಿಸಿ ಆಫ್ ಮಾಡಿ, ಪ್ಲಗ್ ತೆಗೆದು, ಹೊರಗೆ ಜಗುಲಿಗೋ ಬಾಲ್ಕನಿಗೋ ತನ್ನಿ. ಬ್ಲೋವರ್ ಹಿಡಿಯುವಾಗ ಕಾರ್ಡಿನ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಬ್ಲೋವರ್ ಗಾಳಿಗೆ ಫ್ಯಾನ್ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು. ರಸ್ತೆ ಪಕ್ಕದ ಮನೆಯಾದರೆ ಎರಡು ಮೂರು ತಿಂಗಳಿಗೊಮ್ಮೆ ಮಾಡಿ. ವ್ಯಾಕ್ಯೂಮ್ ಕ್ಲೀನರ್, ಒದ್ದೆ ಬಟ್ಟೆ ಎರಡೂ ಬೇಡ.

ಪೇಸ್ಟ್ ಯಾವಾಗ ಬದಲಿಸಬೇಕು?

ವರ್ಷ ಲೆಕ್ಕ ಹಾಕಿ ಬದಲಿಸಬೇಡಿ. ಧೂಳು ತೆಗೆದ ಮೇಲೂ ಹಾಟ್‌ಸ್ಪಾಟ್ ಅಂತರ ದೊಡ್ಡದಾಗಿದ್ದರೆ ಮಾತ್ರ ಬಿಚ್ಚಿ. ವಾರಂಟಿ ಇದ್ದರೆ ಮೊದಲು ಅಂಗಡಿಯಲ್ಲಿ ಕೇಳಿ. ಸ್ಕ್ರೂ ಮೇಲೆ ಸ್ಟಿಕ್ಕರ್ ಇರುವ ಕಾರ್ಡ್‌ಗಳಿವೆ, ಅದು ಹರಿದರೆ ತಕರಾರು ಬರಬಹುದು.

ಬಿಚ್ಚುವಾಗ ನಿಜವಾದ ಕಷ್ಟ ಥರ್ಮಲ್ ಪ್ಯಾಡ್‌ಗಳದ್ದು. ಮೆಮೊರಿ ಮೇಲೆ ಕೂತಿರುವ ಆ ಪ್ಯಾಡ್‌ಗಳು ಒಂದೊಂದು ಕಾರ್ಡಿನಲ್ಲಿ ಒಂದೊಂದು ದಪ್ಪ. 1 ಮಿಲಿಮೀಟರ್ ಬೇಕಾದ ಕಡೆ 1.5 ಹಾಕಿದರೆ ಹೀಟ್‌ಸಿಂಕ್ ಚಿಪ್‌ಗೆ ಸರಿಯಾಗಿ ಕೂರುವುದೇ ಇಲ್ಲ, ಬಿಸಿ ಮೊದಲಿಗಿಂತ ಜಾಸ್ತಿಯಾಗುತ್ತದೆ. ಹಳೆಯದು ಹರಿಯದಿದ್ದರೆ ಅದನ್ನೇ ಮತ್ತೆ ಬಳಸಿ. ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸದನ್ನು ಚಿಪ್ ಪೂರ್ತಿ ಮುಚ್ಚುವಂತೆ ತೆಳ್ಳಗೆ ಹಚ್ಚಿ. ನಾಲ್ಕು ಸ್ಕ್ರೂಗಳನ್ನು ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ತೆಳು ಪೇಸ್ಟ್ ಕೆಲವು ತಿಂಗಳಲ್ಲೇ ಪಕ್ಕಕ್ಕೆ ಸರಿಯುವ ಕಾರ್ಡ್‌ಗಳಿಗೆ ಪೇಸ್ಟ್ ಬದಲು ಇಡುವ ಹನಿವೆಲ್ ಕಂಪನಿಯ ಪಿಟಿಎಂ7950 ಹಾಳೆ ತುಂಬಾ ಒಳ್ಳೆಯದು. ಲಿಕ್ವಿಡ್ ಮೆಟಲ್ ಮಾತ್ರ ಬೇಡ. ಅದು ಕರೆಂಟ್ ಹರಿಸುತ್ತದೆ, ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ.

ಡ್ರೈವರ್ ಅಪ್‌ಡೇಟ್ ಮಾಡಿದ ಮೇಲೆ ಬಿಸಿ ಜಾಸ್ತಿಯಾಗಿದೆ. ಇದು ಸಾಧ್ಯವಾ?

ಸಾಧ್ಯ, ಆಗಿದೆ ಕೂಡ. 2010ರ ಮಾರ್ಚ್‌ನಲ್ಲಿ ಎನ್‌ವಿಡಿಯಾ 196.75 ಡ್ರೈವರ್ ಫ್ಯಾನ್ ನಿಯಂತ್ರಣವನ್ನೇ ಕೆಡಿಸಿತು, ಕಂಪನಿ ಅದನ್ನು ವಾಪಸ್ ತೆಗೆದುಕೊಂಡಿತು. 2015ರ ನವೆಂಬರ್‌ನಲ್ಲಿ ಎಎಂಡಿಯ ಕ್ರಿಮ್ಸನ್ ಡ್ರೈವರ್ ಕೆಲವು ಕಾರ್ಡ್‌ಗಳ ಫ್ಯಾನನ್ನು ಶೇಕಡ 20ಕ್ಕೆ ಕಟ್ಟಿಹಾಕಿತ್ತು, ಸ್ವಲ್ಪ ದಿನಕ್ಕೇ ತಿದ್ದಿದ ಡ್ರೈವರ್ ಬಂತು. ಅಪ್‌ಡೇಟ್ ಆದ ದಿನ ಒಮ್ಮೆ ಆರ್‌ಪಿಎಂ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಆಫ್ಟರ್‌ಬರ್ನರ್‌ನಲ್ಲಿ ನೀವು ಇಟ್ಟ ಕರ್ವ್ ಹಾಗೇ ಇದೆಯಾ ಎಂದೂ ನೋಡಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ತೆಗೆದುಕೊಳ್ಳುತ್ತಿದ್ದೇನೆ. ಏನು ನೋಡಲಿ?

2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೋಕರೆನ್ಸಿ ತನ್ನ ವ್ಯವಸ್ಥೆ ಬದಲಿಸಿದ ಮೇಲೆ ಅದರ ಮೈನಿಂಗ್‌ಗೆ (ಲೆಕ್ಕ ಬಿಡಿಸಿ ನಾಣ್ಯ ಗಳಿಸುವ ಕೆಲಸಕ್ಕೆ) ಕಾರ್ಡ್ ಬೇಡವಾಯಿತು. ಹಾಗೆ ದುಡಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಚಿಪ್‌ಗಿಂತ ಫ್ಯಾನ್ ಬೇರಿಂಗ್ ಮತ್ತು ಮೆಮೊರಿ ಪ್ಯಾಡ್ ದಣಿದಿರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ, ಯಾರದ್ದಾದರೂ ಮನೆಯಲ್ಲಿ ಕೊಂಡರೂ, ಹದಿನೈದು ನಿಮಿಷ ಓಡಿಸಿ ತೋರಿಸಿ ಎಂದು ಕೇಳಿ. ಹಾಟ್‌ಸ್ಪಾಟ್ ಅಂತರ ನೋಡಿ. ಫ್ಯಾನನ್ನು ಶೇಕಡ 30ರಿಂದ 100ರವರೆಗೆ ನಿಧಾನವಾಗಿ ಏರಿಸಿ ಕಿವಿಗೊಡಿ. ಓಡಿಸಿ ತೋರಿಸಲು ಒಪ್ಪದವರ ಹತ್ತಿರ ಕೊಳ್ಳಬೇಡಿ.

ಲಿನಕ್ಸ್‌ನಲ್ಲಿ ಇದೆಲ್ಲ ಆಗುತ್ತದಾ?

ಆಗುತ್ತದೆ. ಎಲ್‌ಎಸಿಟಿ ಎಂಬ ಉಚಿತ ಸಾಧನದಲ್ಲಿ ಫ್ಯಾನ್ ಕರ್ವ್ ಮತ್ತು ಪವರ್ ಲಿಮಿಟ್ ಎರಡೂ ಇವೆ. ಎನ್‌ವಿಡಿಯಾ-ಎಸ್‌ಎಂಐ ಕಮಾಂಡ್‌ನಿಂದಲೂ ಪವರ್ ಲಿಮಿಟ್ ಇಳಿಸಬಹುದು. ಅದಕ್ಕೆ ರೂಟ್ ಅನುಮತಿ ಬೇಕು, ರೀಬೂಟ್ ಆದರೆ ಮತ್ತೆ ಹಾಕಬೇಕು.

ನನ್ನದು ಲ್ಯಾಪ್‌ಟಾಪ್. ಏನು ಮಾಡಲಿ?

ಲ್ಯಾಪ್‌ಟಾಪ್‌ನಲ್ಲಿ ಫ್ಯಾನ್ ಹಿಡಿತ ಬಹುಪಾಲು ಕಂಪನಿಯ ಸಾಫ್ಟ್‌ವೇರ್ ಕೈಯಲ್ಲೇ ಇರುತ್ತದೆ, ಆಫ್ಟರ್‌ಬರ್ನರ್‌ನ ಫ್ಯಾನ್ ಟ್ಯಾಬ್ ಕೆಲಸ ಮಾಡುವುದು ಅಪರೂಪ. ಆದರೆ ಫ್ರೇಮ್ ಮಿತಿ ಎಲ್ಲದರಲ್ಲೂ ನಡೆಯುತ್ತದೆ. ವೋಲ್ಟೇಜ್ ಗ್ರಾಫ್ ಕೂಡ ಹಲವು ಎನ್‌ವಿಡಿಯಾ ಲ್ಯಾಪ್‌ಟಾಪ್‌ಗಳಲ್ಲಿ ತೆರೆಯುತ್ತದೆ. ಹಿಂಬದಿಯನ್ನು ಎರಡು ಮೂರು ಸೆಂಟಿಮೀಟರ್ ಎತ್ತರಿಸಿ ಇಡಿ, ಹಾಸಿಗೆ ಮೇಲೆ ಇಡಬೇಡಿ.

ಸಿಪಿಯು ಮತ್ತು ಜಿಪಿಯು ಅಲ್ಲಿ ಸಾಮಾನ್ಯವಾಗಿ ಒಂದೇ ತಾಮ್ರದ ಪೈಪ್ ಹಂಚಿಕೊಳ್ಳುತ್ತವೆ. ಸಿಪಿಯು ಬಿಸಿಯಾದರೆ ಜಿಪಿಯು ಕೂಡ ಬಿಸಿ. ವಿಂಡೋಸ್ ಪವರ್ ಆಯ್ಕೆಗಳಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 100ರಿಂದ 99ಕ್ಕೆ ಇಳಿಸಿದರೆ ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಸಿಪಿಯುವಿನ ಟರ್ಬೊ (ತಾತ್ಕಾಲಿಕ ಹೆಚ್ಚುವರಿ ವೇಗ) ನಿಲ್ಲುತ್ತದೆ. ಜಿಪಿಯು ಮೇಲೆ ಭಾರ ಬೀಳುವ ಗೇಮ್‌ಗಳಲ್ಲಿ ಫ್ರೇಮ್ ಅಷ್ಟಾಗಿ ಬೀಳುವುದಿಲ್ಲ, ಸದ್ದು ಇಳಿದದ್ದು ಕೆಲವೇ ನಿಮಿಷದಲ್ಲಿ ಕೇಳುತ್ತದೆ. ಸಿಪಿಯು ಮೇಲೆ ಭಾರ ಹಾಕುವ ಗೇಮ್ ಆದರೆ ವೇಗ ಬೀಳುತ್ತದೆ, ಆಗ ಮತ್ತೆ 100ಕ್ಕೆ ಇಡಿ.